ಶಾಂತವ್ವನ ಸಾಲ 181 ರೂಪಾಯಿ!

“ಯವ್ವಾ, ನಿನ್ನ ಕಂಪ್ಯೂಟರ್ ಶಾಂತವ್ವನ ಸಾಲ ಮನ್ನಾ ಮಾಡೇತಿ ನೋಡ!”

ಅಡುಗೆಮನೆಯಿಂದ ಅವ್ವ ಕೂಗಿದಾಗ ನಾನು ನಗುತ್ತಲೇ ಎದ್ದು ಹೋದೆ. ಫೋನ್ ಕೈಗೆ ತೆಗೆದುಕೊಂಡ ಮೇಲೆ ನಗು ನಿಂತಿತು. ಸ್ವಸಹಾಯ ಸಂಘದಿಂದ ಶಾಂತವ್ವ ಪಡೆದದ್ದು 5,000 ರೂಪಾಯಿ. ಪರದೆಯ ಮೇಲೆ ಕಾಣುತ್ತಿದ್ದದ್ದು 181 ರೂಪಾಯಿ. ನೂರಕ್ಕೆ ಎರಡು ರೂಪಾಯಿಯಂತೆ ತಿಂಗಳ ಬಡ್ಡಿ 100 ರೂಪಾಯಿ ಬರಬೇಕಿತ್ತು. ಬಂದದ್ದು 3 ರೂಪಾಯಿ 62 ಪೈಸೆ. ಅವ್ವ ಅವತ್ತು ಒಟ್ಟು ಐದು ಹೆಸರು ಹಾಕಿದ್ದಳು. ನಾಲ್ಕು ಲೆಕ್ಕ ಸರಿ, ಒಂದು ಮಾತ್ರ ತಪ್ಪು. ಸೊನ್ನೆ ಬಂದಿದ್ದರೆ ಏನೋ ಬಿಟ್ಟುಹೋಗಿದೆ ಅಂದುಕೊಳ್ಳಬಹುದಿತ್ತು. ಆದರೆ 181 ಎಲ್ಲಿಂದ ಬಂತು?

(ಶಾಂತವ್ವ ಎಂಬುದು ನಿಜವಾದ ಹೆಸರಲ್ಲ. ಆದರೆ ಅಕ್ಷರಗಳ ಲೆಕ್ಕ ಮತ್ತು ಕೊನೆಯ ‘ವ್ವ’ ಎರಡನ್ನೂ ಹಾಗೇ ಉಳಿಸಿದ್ದೇನೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.)

ಆ 181ರ ಬೆನ್ನು ಹತ್ತಿ ಕಲಿತದ್ದು ನನಗೆ ಮೂರು ವರ್ಷದ ಬಿಸಿಎಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಕೆಲಸ ಹುಡುಕುತ್ತಿರುವ ನನ್ನಂಥ ಗೆಳೆಯ ಗೆಳತಿಯರಿಗೂ ಉಪಯೋಗವಾಗಬಹುದು ಎಂದು ಬರೆಯುತ್ತಿದ್ದೇನೆ.

ನೀಲಿ ಪರದೆಯ ದಿನಗಳು

ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಅವ್ವ ಊರಿನ ಮಹಿಳಾ ಸಂಘದ ಪುಸ್ತಕ ಬರೆಯುತ್ತಾಳೆ. ಹದಿನೆಂಟು ಸದಸ್ಯೆಯರು, ವಾರದ ಉಳಿತಾಯ, ಸಾಲ, ಬಡ್ಡಿ, ಕಂತು. ತಿಂಗಳ ಕೊನೆಗೆ ಲೆಕ್ಕ ಕೂಡದಿದ್ದರೆ ಅವತ್ತು ರಾತ್ರಿ ಊಟ ತಡ ಎಂದೇ ಅರ್ಥ.

ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಟರ್ಬೊ ಸಿ ಇತ್ತು. ಅದೇ, ನೀಲಿ ಪರದೆ, ಹಳದಿ ಅಕ್ಷರ. ಎರಡನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾನು ಅವ್ವನ ಪುಸ್ತಕವನ್ನೇ ಸಿ ಪ್ರೋಗ್ರಾಮ್ ಮಾಡಿದೆ. ಮೊದಲ ಸಲ ಓಡಿಸಿದಾಗ ಸಂಘದ ಒಟ್ಟು ಉಳಿತಾಯ ಮೈನಸ್ ಬಂತು! ಟರ್ಬೊ ಸಿಯಲ್ಲಿ ‘ಇಂಟ್’ ಅಂದರೆ ಎರಡೇ ಬೈಟ್, 32,767 ದಾಟಿದರೆ ಮೈನಸ್‌ಗೆ ತಿರುಗುತ್ತದೆ ಎಂದು ಮೇಡಂ ತಿಳಿಸಿಕೊಟ್ಟರು. ‘ಲಾಂಗ್’ ಮಾಡಿದ ಮೇಲೆ ಸರಿಹೋಯಿತು. ಮಾರ್ಕ್ಸ್ ಕೂಡ ಚೆನ್ನಾಗಿ ಬಂತು.

ಮನೆಗೆ ಬಂದು ಹೇಳಿದರೆ ಅವ್ವ ಕೇಳಿದ್ದು ಒಂದೇ ಪ್ರಶ್ನೆ: “ಆ ನೀಲಿ ಪಡದಾ ಮನೀಗೆ ಹೆಂಗ ತರ್ತಿ?”

ಉತ್ತರ ನನ್ನ ಬಳಿ ಇರಲಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಇರುವುದು ಅವ್ವನ ಸ್ಮಾರ್ಟ್‌ಫೋನ್. ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಯಿತು. ಕೆಲಸದ ಜಾಹೀರಾತುಗಳಲ್ಲೆಲ್ಲ ಜಾವಾಸ್ಕ್ರಿಪ್ಟ್, ರಿಯಾಕ್ಟ್, ವೆಬ್ ಡೆವಲಪರ್. ನನಗೆ ಧೈರ್ಯವಾಗಿ ಬರುತ್ತಿದ್ದದ್ದು ಸಿ ಒಂದೇ. ಕಲಿತದ್ದೆಲ್ಲ ಹಳತಾಯಿತು ಎಂಬ ಅಂಜಿಕೆ ನಿಮಗೂ ಆಗಿರಬಹುದು. ಆಗ ನಮ್ಮದೇ ಕಾಲೇಜಿನಲ್ಲಿ ಓದಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಸೀನಿಯರ್ ಅಕ್ಕನೊಬ್ಬಳು ಫೋನಿನಲ್ಲಿ ಹೇಳಿದಳು: “ನಿನ್ನ ಸಿ ಪ್ರೋಗ್ರಾಮನ್ನೇ ಬ್ರೌಸರ್‌ನೊಳಗೆ ಓಡಿಸಬಹುದಲ್ಲ. ವೆಬ್‌ಅಸೆಂಬ್ಲಿ ಅಂತ ಇದೆ, ಓದಿ ನೋಡು.”

ಸಿಗೆ ಬ್ರೌಸರ್‌ನಲ್ಲಿ ಜಾಗ ಯಾಕಿರಲಿಲ್ಲ?

ಮೊದಲು ಸಮಸ್ಯೆ ಏನೆಂದು ನೋಡೋಣ. ಸಿ ಕಂಪೈಲರ್ ನಮ್ಮ ಪ್ರೋಗ್ರಾಮನ್ನು ಒಂದು ನಿರ್ದಿಷ್ಟ ಪ್ರೊಸೆಸರ್‌ನ ಭಾಷೆಗೆ ಇಳಿಸುತ್ತದೆ. ಲ್ಯಾಬ್‌ನ ಕಂಪ್ಯೂಟರ್‌ನಲ್ಲಿ ಇಂಟೆಲ್ ಮಾದರಿಯ ಪ್ರೊಸೆಸರ್, ಅವ್ವನ ಫೋನಿನಲ್ಲಿ ಆರ್ಮ್ ಮಾದರಿಯದು. ಒಂದಕ್ಕೆ ಮಾಡಿದ ಫೈಲ್ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಯಾರೋ ಕಳಿಸಿದ ಯಂತ್ರಭಾಷೆಯ ಫೈಲನ್ನು ಬ್ರೌಸರ್ ಕಣ್ಣುಮುಚ್ಚಿ ಓಡಿಸಿದರೆ ಅದು ನಮ್ಮ ಫೋಟೊ, ಪಾಸ್‌ವರ್ಡ್ ಎಲ್ಲಕ್ಕೂ ಕೈ ಹಾಕಬಹುದು.

ಹಾಗಾಗಿ ಬ್ರೌಸರ್‌ನಲ್ಲಿ ಬಹುಕಾಲ ಜಾವಾಸ್ಕ್ರಿಪ್ಟ್‌ನದ್ದೇ ರಾಜ್ಯಭಾರ. ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ 1995ರಲ್ಲಿ ಅದರ ಮೊದಲ ರೂಪವನ್ನು ಹತ್ತೇ ದಿನಗಳಲ್ಲಿ ಸಿದ್ಧಪಡಿಸಿದ್ದರು. ಬಟನ್ ಒತ್ತಿದರೆ ಏನಾಗಬೇಕು, ಫಾರ್ಮ್ ತುಂಬಿದ್ದು ಸರಿಯೇ ಎಂದು ನೋಡುವಂಥ ಸಣ್ಣ ಕೆಲಸಗಳಿಗೆಂದು ಹುಟ್ಟಿದ ಭಾಷೆ ಅದು. ಬೇರೆ ಭಾಷೆಗಳನ್ನು ಒಳಗೆ ತರಲು ಅನೇಕರು ಪ್ರಯತ್ನಪಟ್ಟರು. ಜಾವಾ ಆಪ್ಲೆಟ್, ಫ್ಲ್ಯಾಶ್ ಎಲ್ಲವೂ ಹೊರಗಿನಿಂದ ಅಂಟಿಸಿದ ಪ್ಲಗಿನ್‌ಗಳು. ಸುರಕ್ಷತೆಯ ತೂತುಗಳು ಒಂದರ ಹಿಂದೆ ಒಂದು ಕಂಡವು. ಕೊನೆಗೆ 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿಯೇ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು. ಗೂಗಲ್ ‘ನೇಟಿವ್ ಕ್ಲೈಂಟ್’ ಎಂಬ ದಾರಿ ತೆರೆದಿತ್ತು, ಆದರೆ ಬೇರೆ ಬ್ರೌಸರ್‌ಗಳು ಅದನ್ನು ಒಪ್ಪಲಿಲ್ಲ.

ಮೊಜಿಲ್ಲಾದಲ್ಲಿದ್ದ ಅಲಾನ್ ಜಕಾಯ್ ಬೇರೆಯೇ ಉಪಾಯ ಹುಡುಕಿದರು. ಬ್ರೌಸರ್‌ಗೆ ಗೊತ್ತಿರುವುದು ಜಾವಾಸ್ಕ್ರಿಪ್ಟ್ ತಾನೇ? ಹಾಗಿದ್ದರೆ ಸಿ ಪ್ರೋಗ್ರಾಮನ್ನು ಜಾವಾಸ್ಕ್ರಿಪ್ಟ್‌ಗೇ ಕಂಪೈಲ್ ಮಾಡಿದರಾಯಿತು! 2010ರ ಸುಮಾರಿಗೆ ಅವರು ಶುರು ಮಾಡಿದ ಆ ಕಂಪೈಲರ್‌ನ ಹೆಸರು ಎಂಸ್ಕ್ರಿಪ್ಟನ್. 2013ರಲ್ಲಿ ಮೊಜಿಲ್ಲಾ ತಂಡ ‘ಆ್ಯಸ್ಮ್.ಜೆಎಸ್’ ಎಂಬುದನ್ನು ತಂದಿತು. ಅದು ಜಾವಾಸ್ಕ್ರಿಪ್ಟ್‌ನ ಒಂದು ಕಟ್ಟುನಿಟ್ಟಾದ ತುಣುಕು. ಬ್ರೌಸರ್‌ಗೆ ಇದು ಪೂರ್ಣಾಂಕ, ಇದು ದಶಮಾಂಶ ಎಂದು ಮೊದಲೇ ಗೊತ್ತಾಗುವಂತೆ ಬರೆದರೆ ವೇಗವಾಗಿ ಓಡುತ್ತದೆ. ಆದರೂ ಅದು ಅಕ್ಷರಗಳಲ್ಲಿ ಬರೆದ ಉದ್ದುದ್ದ ಫೈಲ್. ಇಳಿಸಿಕೊಳ್ಳಲು, ಓದಿ ಅರ್ಥ ಮಾಡಿಕೊಳ್ಳಲು ಸಮಯ ಹೋಗುತ್ತಿತ್ತು.

2015ರ ಜೂನ್‌ನಲ್ಲಿ ಮೊಜಿಲ್ಲಾ, ಗೂಗಲ್, ಮೈಕ್ರೊಸಾಫ್ಟ್, ಆ್ಯಪಲ್ ನಾಲ್ಕೂ ಕಂಪನಿಗಳ ಎಂಜಿನಿಯರ್‌ಗಳು ಕೂಡಿ ಮಾಡುವ ಹೊಸ ಯೋಜನೆ ಪ್ರಕಟವಾಯಿತು. ಅದೇ ವೆಬ್‌ಅಸೆಂಬ್ಲಿ, ಚಿಕ್ಕದಾಗಿ ‘ವಾಸ್ಮ್’. 2017ರ ಕೊನೆಯ ಹೊತ್ತಿಗೆ ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ನಾಲ್ಕರಲ್ಲೂ ಅದು ಓಡತೊಡಗಿತು. 2019ರ ಡಿಸೆಂಬರ್ 5ರಂದು ವೆಬ್‌ನ ಮಾನದಂಡಗಳನ್ನು ನಿರ್ಧರಿಸುವ ಡಬ್ಲ್ಯು3ಸಿ ಸಂಸ್ಥೆ ಅದಕ್ಕೆ ಅಧಿಕೃತ ಮುದ್ರೆ ಒತ್ತಿತು. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ನಂತರ ಬ್ರೌಸರ್‌ನ ನಾಲ್ಕನೇ ಭಾಷೆ ಎಂದು ಅದನ್ನು ಕರೆಯುತ್ತಾರೆ.

ರೊಟ್ಟಿ ಬುಟ್ಟಿಯ ಲೆಕ್ಕ

ಭಾಷೆ ಎಂದರೂ ಇದನ್ನು ಕೂತು ಬರೆಯುವವರು ಕಡಿಮೆ. ಇದು ಕಂಪೈಲರ್‌ಗಳು ಹುಟ್ಟಿಸುವ ಬೈಟ್‌ಕೋಡ್. ಇಂಟೆಲ್‌ನದ್ದೂ ಅಲ್ಲ, ಆರ್ಮ್‌ನದ್ದೂ ಅಲ್ಲ, ಕಾಗದದ ಮೇಲೆ ಮಾತ್ರ ಇರುವ ಒಂದು ಸರಳ ಯಂತ್ರದ ಭಾಷೆ. ಫೈಲ್ ಫೋನಿಗೆ ಬಂದ ಮೇಲೆ ಬ್ರೌಸರ್ ಅದನ್ನು ಮೊದಲು ಪರಿಶೀಲಿಸಿ, ಆಮೇಲೆ ಆ ಫೋನಿನ ಪ್ರೊಸೆಸರ್‌ನ ಭಾಷೆಗೆ ಇಳಿಸುತ್ತದೆ.

ಆ ಯಂತ್ರ ಕೆಲಸ ಮಾಡುವ ರೀತಿ ನಮ್ಮ ರೊಟ್ಟಿ ಬುಟ್ಟಿಯಂತೆ. ಬೇಯಿಸಿದ ರೊಟ್ಟಿಯನ್ನು ಮೇಲೆ ಇಡುತ್ತೇವೆ, ತೆಗೆಯುವಾಗಲೂ ಮೇಲಿನದ್ದನ್ನೇ ತೆಗೆಯುತ್ತೇವೆ. ಡೇಟಾ ಸ್ಟ್ರಕ್ಚರ್ ಪೇಪರ್‌ನಲ್ಲಿ ಓದಿದ ‘ಸ್ಟ್ಯಾಕ್’ ಇದೇ. ಎರಡು ಸಂಖ್ಯೆ ಕೂಡಿಸಬೇಕೆಂದರೆ ಮೊದಲನೆಯದನ್ನು ಮೇಲಿಡು, ಎರಡನೆಯದನ್ನು ಮೇಲಿಡು, ‘ಕೂಡಿಸು’ ಎನ್ನು. ಯಂತ್ರ ಮೇಲಿನ ಎರಡನ್ನೂ ತೆಗೆದು, ಕೂಡಿಸಿ, ಉತ್ತರವನ್ನು ಮತ್ತೆ ಬುಟ್ಟಿಗೆ ಇಡುತ್ತದೆ. ಫೈಲಿನೊಳಗೆ ಇದು 20 00, 20 01, 6ಎ ಎಂಬ ಐದೇ ಬೈಟ್. ನಂಬಿಕೆ ಬಾರದೆ ಹೆಕ್ಸ್ ಎಡಿಟರ್‌ನಲ್ಲಿ ತೆರೆದು ನೋಡಿದೆ. ಎಲ್ಲ ವಾಸ್ಮ್ ಫೈಲ್‌ಗಳೂ 00 61 73 6ಡಿ ಎಂಬ ನಾಲ್ಕು ಬೈಟ್‌ನಿಂದಲೇ ಶುರುವಾಗುತ್ತವೆ. ಮೊದಲನೆಯದು ಸೊನ್ನೆ, ಉಳಿದ ಮೂರು ಇಂಗ್ಲಿಷಿನ ಎ, ಎಸ್, ಎಂ ಅಕ್ಷರಗಳು. ಲ್ಯಾಬ್‌ನಲ್ಲಿ ಬಾಯಿಪಾಠ ಮಾಡಿದ್ದು ಕಣ್ಣೆದುರು ಕಂಡಾಗ ಆದ ಖುಷಿಯೇ ಬೇರೆ.

ಸುರಕ್ಷತೆಯ ಪ್ರಶ್ನೆಗೂ ಇಲ್ಲಿ ಉತ್ತರ ಇದೆ. ವಾಸ್ಮ್ ಪ್ರೋಗ್ರಾಮ್‌ಗೆ ಬ್ರೌಸರ್ ಒಂದು ಪ್ರತ್ಯೇಕ ಮೆಮೊರಿ ಕೊಡುತ್ತದೆ. 64 ಕಿಲೊಬೈಟ್‌ನ ‘ಪುಟ’ಗಳಾಗಿ ಅದು ಬೆಳೆಯುತ್ತದೆ. ಆ ಬೇಲಿಯ ಆಚೆ ಕೈ ಚಾಚಿದರೆ ಪ್ರೋಗ್ರಾಮ್ ಅಲ್ಲೇ ನಿಲ್ಲುತ್ತದೆ. ಫೈಲ್ ತೆರೆಯುವುದು, ಪರದೆ ಮೇಲೆ ಬರೆಯುವುದು, ನೆಟ್‌ವರ್ಕ್ ಬಳಸುವುದು ಯಾವುದೂ ಅದಕ್ಕೆ ತಾನಾಗಿ ಸಾಧ್ಯವಿಲ್ಲ. ಜಾವಾಸ್ಕ್ರಿಪ್ಟ್ ತಾನು ಕೊಟ್ಟಷ್ಟು ಕೆಲಸವನ್ನು ಮಾತ್ರ ಅದು ಕರೆದು ಮಾಡಿಸಿಕೊಳ್ಳಬಹುದು.

ಕೂಡಿದ್ದು, ಕಳೆದದ್ದು

ಎಂಸ್ಕ್ರಿಪ್ಟನ್ ಉಚಿತ. ಹಾಸ್ಟೆಲ್ ಗೆಳತಿಯ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡೆ. ಮೊದಲ ದಿನವೇ ಹತ್ತಾರು ಎರರ್. ಟರ್ಬೊ ಸಿಯಲ್ಲಿ ರೂಢಿಯಾಗಿದ್ದ ‘ಕೋನಿಯೊ.ಎಚ್’ ಇಲ್ಲಿಲ್ಲ. ಪರದೆ ಒರೆಸುವ ‘ಕ್ಲಿಯರ್‌ಸ್ಕ್ರೀನ್’ ಇಲ್ಲ, ‘ಗೆಟ್‌ಸಿಎಚ್’ ಇಲ್ಲ. ಎಲ್ಲ ಕಿತ್ತುಹಾಕಿದೆ. ಉಳಿದದ್ದು ಲೆಕ್ಕದ ಫಂಕ್ಷನ್‌ಗಳು ಮಾತ್ರ. ಕಂಪೈಲ್ ಆಯಿತು, ಆದರೆ ಬಡ್ಡಿಯ ಫಂಕ್ಷನ್ನೇ ಮಾಯ! ಇದನ್ನು ಯಾರೂ ಕರೆಯುತ್ತಿಲ್ಲ ಎಂದುಕೊಂಡು ಕಂಪೈಲರ್ ತೆಗೆದುಹಾಕಿತ್ತು. ಹೊರಗಿನಿಂದ ಜಾವಾಸ್ಕ್ರಿಪ್ಟ್ ಕರೆಯುತ್ತದೆ, ಇದನ್ನು ಉಳಿಸು ಎಂದು ಗುರುತು ಹಾಕಬೇಕಂತೆ. ಹಾಕಿದೆ. ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಪುಟ ತೆರೆಯಿತು, ಲೆಕ್ಕ ಬರಲಿಲ್ಲ. ವಾಸ್ಮ್ ಫೈಲನ್ನು ಸರ್ವರ್ ಮೂಲಕ ಕೊಡಬೇಕು, ನೇರ ಫೋಲ್ಡರ್‌ನಿಂದ ಓದಲು ಬ್ರೌಸರ್ ಬಿಡುವುದಿಲ್ಲ ಎಂದು ತಿಳಿಯಲು ಒಂದು ರಾತ್ರಿ ಹಿಡಿಯಿತು.

ಕೊನೆಗೂ ಅವ್ವನ ಫೋನಿನಲ್ಲಿ ನನ್ನ ಸಿ ಪ್ರೋಗ್ರಾಮ್ ಓಡಿತು. ನನಗೆ ಮುಖ್ಯವೆನಿಸಿದ ಸಂಗತಿ ಒಂದಿತ್ತು: ಲೆಕ್ಕ ಫೋನಿನಲ್ಲೇ ಆಗುತ್ತದೆ. ಯಾರಿಗೆ ಎಷ್ಟು ಸಾಲ ಇದೆ ಎಂಬುದು ಸಂಘದ ಮನೆಮಾತು, ಅದು ಯಾವುದೋ ಸರ್ವರ್‌ಗೆ ಹೋಗಬಾರದು.

ಅವತ್ತು ಸಂಜೆ ಅವ್ವ ಕನ್ನಡಕ ಹಾಕಿಕೊಂಡು ಹನ್ನೆರಡು ಹೆಸರು ತುಂಬಿದಳು. ನನಗೆ ಫೋನ್ ಬಂತೆಂದು ಪುಟ ಮುಚ್ಚಿದಳು. ಮತ್ತೆ ತೆರೆದರೆ ಏನೂ ಇಲ್ಲ. ವಾಸ್ಮ್‌ನ ಮೆಮೊರಿ ಪುಟದ ಜೊತೆಗೇ ಹೋಗುತ್ತದೆ ಎಂಬ ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ. ಅವ್ವ ಬೈಯಲಿಲ್ಲ. “ಪುಸ್ತಕ ಮುಚ್ಚಿದ್ರ ಅಕ್ಷರ ಹೋಗೂದಿಲ್ಲವಾ” ಎಂದಳು ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಮರುದಿನ ಜಾವಾಸ್ಕ್ರಿಪ್ಟ್ ಮೂಲಕ ಬ್ರೌಸರ್‌ನ ಸಂಗ್ರಹದಲ್ಲಿ ಉಳಿಸುವ ವ್ಯವಸ್ಥೆ ಮಾಡಿದೆ. ಅದಾದ ಮೇಲೆ ಅವ್ವ ಎರಡನೇ ಸಲ ಹೆಸರು ತುಂಬಲು ಕೂತಾಗಲೇ ಶಾಂತವ್ವನ ಸಾಲ ಮನ್ನಾ ಆದದ್ದು.

181 ಸಿಕ್ಕಿತು

ಎರಡು ದಿನ ಬಡ್ಡಿಯ ಸೂತ್ರವನ್ನೇ ತಿರುತಿರುಗಿ ನೋಡಿದೆ. ತಪ್ಪಿರಲಿಲ್ಲ. ಲ್ಯಾಬ್‌ನಲ್ಲಿ ಇದೇ ಹೆಸರು ಸರಿಯಾಗಿ ಬರುತ್ತಿತ್ತು. ಆಗ ಹೊಳೆಯಿತು: ಲ್ಯಾಬ್‌ನಲ್ಲಿ ನಾನು ಹೆಸರುಗಳನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಿದ್ದೆ. ಅವ್ವ ಟೈಪ್ ಮಾಡಿದ್ದು ಕನ್ನಡದಲ್ಲಿ.

ವಾಸ್ಮ್‌ನ ಮೆಮೊರಿಯನ್ನು ಜಾವಾಸ್ಕ್ರಿಪ್ಟ್‌ನಿಂದ ಒಂದು ಉದ್ದನೆಯ ಅರೇಯಂತೆ ಓದಬಹುದು. ಶಾಂತವ್ವನ ಸಾಲಿನ ಬೈಟ್‌ಗಳನ್ನೆಲ್ಲ ಪ್ರಿಂಟ್ ಮಾಡಿ, ನೋಟ್‌ಬುಕ್ಕಿನಲ್ಲಿ ಚೌಕ ಹಾಕಿ ಒಂದೊಂದಾಗಿ ತುಂಬಿದೆ. ನನ್ನ ಸ್ಟ್ರಕ್ಚರ್‌ನಲ್ಲಿ ಹೆಸರಿಗೆ 20 ಬೈಟ್, ಅದರ ಪಕ್ಕದಲ್ಲೇ ಸಾಲಕ್ಕೆ 4 ಬೈಟ್ ಇಟ್ಟಿದ್ದೆ. ಇಂಗ್ಲಿಷಿನಲ್ಲಿ ಬರೆದರೆ ಆ ಹೆಸರಿಗೆ ಒಂಬತ್ತು ಅಕ್ಷರ, ಒಂಬತ್ತೇ ಬೈಟ್. ಕನ್ನಡದಲ್ಲಿ ನೋಡಿ: ಶ, ದೀರ್ಘ, ಸೊನ್ನೆ, ತ, ವ, ಅರ್ಧಾಕ್ಷರದ ಗುರುತು, ಮತ್ತೊಂದು ವ. ಕಣ್ಣಿಗೆ ನಾಲ್ಕು ಅಕ್ಷರದಂತೆ ಕಂಡರೂ ಯುನಿಕೋಡ್‌ನಲ್ಲಿ ಏಳು ಸಂಕೇತ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಏಳು ಮೂರಲಿ ಇಪ್ಪತ್ತೊಂದು. ಸಿ ಭಾಷೆಯಲ್ಲಿ ಪದದ ಕೊನೆಗೆ ಇಡುವ ಸೊನ್ನೆ ಸೇರಿದರೆ 22.

ಇಪ್ಪತ್ತು ಬೈಟ್‌ನ ಜಾಗಕ್ಕೆ ಇಪ್ಪತ್ತೆರಡು. ಎರಡು ಬೈಟ್ ಪಕ್ಕದ ಮನೆಗೆ ಚೆಲ್ಲಿದವು.

ನನ್ನ ಪ್ರೋಗ್ರಾಮ್ ಮೊದಲು ಸಾಲದ ಮೊತ್ತ ಬರೆದು ಆಮೇಲೆ ಹೆಸರು ಬರೆಯುತ್ತಿತ್ತು. 5,000 ಎಂಬುದು ಮೆಮೊರಿಯಲ್ಲಿ 136, 19, 0, 0 ಎಂದು ಕೂತಿರುತ್ತದೆ. ಹತ್ತೊಂಬತ್ತನ್ನು 256ರಿಂದ ಗುಣಿಸಿ 136 ಕೂಡಿಸಿದರೆ 5,000. ‘ವ’ ಎಂಬ ಸಂಕೇತದ ಮೂರು ಬೈಟ್ 224, 178, 181. ಕೊನೆಯ ಆ 181 ಹೋಗಿ 136ರ ಮೇಲೆ ಕೂತಿತು. ಪದದ ಕೊನೆಯ ಸೊನ್ನೆ ಹೋಗಿ 19ರ ಮೇಲೆ ಕೂತಿತು. ಉಳಿದದ್ದು 181, 0, 0, 0. ಅಂದರೆ 181 ರೂಪಾಯಿ! ಹೆಸರು ಮಾತ್ರ ಪರದೆ ಮೇಲೆ ಅಚ್ಚುಕಟ್ಟಾಗಿ ‘ಶಾಂತವ್ವ’ ಎಂದೇ ಕಾಣುತ್ತಿತ್ತು. ಗೀತಾ, ರೇಣುಕಾರ ಹೆಸರು 12 ಮತ್ತು 18 ಬೈಟ್‌ನಲ್ಲಿ ಮುಗಿಯುತ್ತಿದ್ದರಿಂದ ಅವರ ಲೆಕ್ಕಕ್ಕೆ ಧಕ್ಕೆ ಆಗಿರಲಿಲ್ಲ.

ವಾಸ್ಮ್ ಸುರಕ್ಷಿತ ಎಂದು ಓದಿದ್ದೆನಲ್ಲ, ಮತ್ತೆ ಹೀಗೇಕೆ? ಈ ಪ್ರಶ್ನೆಯೇ ನನಗೆ ಹೆಚ್ಚು ಕಲಿಸಿತು. ಬ್ರೌಸರ್ ಹಾಕುವ ಬೇಲಿ ಊರ ಸುತ್ತ ಇರುವ ಬೇಲಿ. ನನ್ನ ಪ್ರೋಗ್ರಾಮ್ ಎಷ್ಟೇ ಕೆಟ್ಟರೂ ಅವ್ವನ ಫೋಟೊಗಳಿಗೆ, ಬ್ಯಾಂಕ್ ಆ್ಯಪ್‌ಗೆ ತೊಂದರೆ ಆಗಲಿಲ್ಲ. ಆದರೆ ಬೇಲಿಯ ಒಳಗೆ ಹೆಸರಿನ ಮನೆಗೂ ಸಾಲದ ಮನೆಗೂ ನಡುವೆ ಗೋಡೆ ಇಲ್ಲ. ಆ ಗೋಡೆ ಕಟ್ಟುವುದು ಬರೆಯುವವರ ಕೆಲಸ. ಸಿ ತನ್ನ ಗುಣವನ್ನೂ ದೋಷವನ್ನೂ ಗಂಟು ಕಟ್ಟಿಕೊಂಡೇ ಬ್ರೌಸರ್‌ಗೆ ಬರುತ್ತದೆ.

ಹೆಸರಿನ ಜಾಗವನ್ನು 64 ಬೈಟ್‌ಗೆ ಹಿಗ್ಗಿಸಿದೆ. ಅದಕ್ಕೂ ಉದ್ದವಾದ ಹೆಸರು ಬಂದರೆ ಸ್ವೀಕರಿಸದೆ ತಿಳಿಸುವಂತೆ ಮಾಡಿದೆ. ಸುಮ್ಮನೆ ಕತ್ತರಿಸಿದರೆ ಕನ್ನಡದ ಒಂದು ಸಂಕೇತ ಮಧ್ಯದಲ್ಲೇ ತುಂಡಾಗಿ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಾಣುವ ಅಪಾಯ ಇರುತ್ತದೆ.

“ಇಷ್ಟಕ್ಕೆ ವೆಬ್‌ಅಸೆಂಬ್ಲಿ ಯಾಕೆ?”

ಇಷ್ಟಾದ ಮೇಲೆ ರೆಸ್ಯೂಮೆಯಲ್ಲಿ ‘ವೆಬ್‌ಅಸೆಂಬ್ಲಿ ಪ್ರಾಜೆಕ್ಟ್’ ಎಂದು ದಪ್ಪ ಅಕ್ಷರದಲ್ಲಿ ಹಾಕಿಕೊಂಡು ಹುಬ್ಬಳ್ಳಿಗೆ ಇಂಟರ್‌ವ್ಯೂಗೆ ಹೋದೆ. ಎದುರಿಗಿದ್ದ ಸರ್ ಕುತೂಹಲದಿಂದಲೇ ಕೇಳಿದರು.

“ಇದನ್ನು ಜಾವಾಸ್ಕ್ರಿಪ್ಟ್‌ನಲ್ಲೇ ಮಾಡಬಹುದಿತ್ತಲ್ಲಮ್ಮ, ವೆಬ್‌ಅಸೆಂಬ್ಲಿ ಯಾಕೆ?”

“ವೇಗ ಸರ್.”

“ಎಷ್ಟು ಸದಸ್ಯರ ಲೆಕ್ಕ?”

“ಹದಿನೆಂಟು.”

“ಅಳೆದು ನೋಡಿದ್ದೀಯಾ? ಜಾವಾಸ್ಕ್ರಿಪ್ಟ್‌ಗಿಂತ ಎಷ್ಟು ವೇಗ?”

ಅಳೆದಿರಲಿಲ್ಲ. ಅಲ್ಲಲ್ಲಿ ಓದಿದ್ದನ್ನು ನಂಬಿ ಹೇಳಿದ್ದೆ. ಆ ಕೆಲಸ ಸಿಗಲಿಲ್ಲ. ಬಸ್ಸಿನಲ್ಲಿ ಹಾವೇರಿ ಬರುವವರೆಗೂ ಆ ಹದಿನೆಂಟು ಎಂಬ ಸಂಖ್ಯೆ ತಲೆಯಲ್ಲೇ ಇತ್ತು.

ಮನೆಗೆ ಬಂದು ಅದೇ ಲೆಕ್ಕವನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದೆ. ಒಂದು ಮಧ್ಯಾಹ್ನದ ಕೆಲಸ. ಎರಡೂ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಕೊಟ್ಟವು. ಜಾವಾಸ್ಕ್ರಿಪ್ಟ್‌ನ ಫೈಲೇ ಚಿಕ್ಕದು. ಹೆಸರು ಉದ್ದವಾದರೆ ಚೆಲ್ಲುವ ಭಯವೂ ಇಲ್ಲ. ಸರ್ ಕೇಳಿದ್ದು ಸರಿಯಾಗಿಯೇ ಇತ್ತು.

ಹಾಗಾದರೆ ವೆಬ್‌ಅಸೆಂಬ್ಲಿ ಯಾರಿಗೆ ಬೇಕು? ಈ ಸಲ ಓದಿದ್ದು ಪರೀಕ್ಷೆಗಲ್ಲ, ನನ್ನ ಸಮಾಧಾನಕ್ಕೆ. ವರ್ಷಗಟ್ಟಲೆ ಬರೆದ ದೊಡ್ಡ ಸಿ++ ಪ್ರೋಗ್ರಾಮ್ ಕೈಯಲ್ಲಿದ್ದು, ಅದನ್ನು ಮತ್ತೆ ಮೊದಲಿನಿಂದ ಬರೆಯಲಾಗದವರಿಗೆ ಬೇಕು. ಆಟೊಕ್ಯಾಡ್, ಫೋಟೊಶಾಪ್‌ನಂಥ ಹಳೆಯ ದೈತ್ಯ ತಂತ್ರಾಂಶಗಳು ಬ್ರೌಸರ್‌ಗೆ ಬಂದದ್ದು ಈ ದಾರಿಯಲ್ಲೇ. ವಿನ್ಯಾಸಕಾರರು ಬಳಸುವ ಫಿಗ್ಮಾ ಮೊದಲಿನಿಂದಲೂ ಸಿ++ನಲ್ಲಿತ್ತು. ಆ್ಯಸ್ಮ್.ಜೆಎಸ್‌ನಿಂದ ವಾಸ್ಮ್‌ಗೆ ಬದಲಾದಾಗ ತೆರೆದುಕೊಳ್ಳುವ ಸಮಯ ಮೂರನೇ ಒಂದು ಭಾಗಕ್ಕೆ ಇಳಿಯಿತು ಎಂದು ಆ ಕಂಪನಿ 2017ರಲ್ಲಿ ತಿಳಿಸಿತ್ತು. ಚಿತ್ರ, ವಿಡಿಯೊ, ಆಟ, ದೊಡ್ಡ ಲೆಕ್ಕಾಚಾರ ಹೀಗೆ ಪ್ರೊಸೆಸರ್ ಬೆವರುವ ಕೆಲಸಗಳಿಗೆ ಬೇಕು. ಬಟನ್, ಫಾರ್ಮ್, ಪಟ್ಟಿಗಳಿಗೆ ಜಾವಾಸ್ಕ್ರಿಪ್ಟ್ ಸಾಕು. ಪುಟದ ಮೇಲಿನ ಯಾವುದನ್ನಾದರೂ ಬದಲಿಸಬೇಕಾದರೆ ವಾಸ್ಮ್ ಕೂಡ ಜಾವಾಸ್ಕ್ರಿಪ್ಟ್‌ನ ಬಾಗಿಲನ್ನೇ ತಟ್ಟಬೇಕು.

ಎಲ್ಲ ಭಾಷೆಗಳಿಗೂ ಈ ದಾರಿ ಒಂದೇ ಸಮ ಇಲ್ಲ ಎಂಬುದನ್ನೂ ಆಗಲೇ ಅರಿತೆ. ಸಿ, ಸಿ++, ರಸ್ಟ್ ತಮ್ಮ ಮೆಮೊರಿಯನ್ನು ತಾವೇ ನೋಡಿಕೊಳ್ಳುವುದರಿಂದ ಹಗುರವಾಗಿ ಬರುತ್ತವೆ. 2018ರಲ್ಲಿ ಬಂದ ಗೋ ಭಾಷೆಯ 1.11 ಆವೃತ್ತಿಯಿಂದ ಅದಕ್ಕೂ ದಾರಿಯಾಯಿತು. ಆದರೆ ಬಳಸಿ ಬಿಟ್ಟ ಮೆಮೊರಿಯನ್ನು ಗುಡಿಸುವ ತನ್ನ ವ್ಯವಸ್ಥೆಯನ್ನೂ ಅದು ಜೊತೆಗೇ ಹೊತ್ತು ತರಬೇಕು. ಸಿ ಶಾರ್ಪ್ ಕಲಿತವರಿಗೆ ಮೈಕ್ರೊಸಾಫ್ಟ್‌ನ ಬ್ಲೇಜರ್ ಇದೆ. ಪೈಥಾನ್‌ನ ಕತೆ ಇನ್ನೂ ತಮಾಷೆ. ಪಯೊಡೈಡ್ ಎಂಬ ಯೋಜನೆಯಲ್ಲಿ ನಾವು ಬರೆದ ಪೈಥಾನ್ ಪ್ರೋಗ್ರಾಮನ್ನಲ್ಲ, ಸಿ ಭಾಷೆಯಲ್ಲಿರುವ ಪೈಥಾನ್ ಇಂಟರ್‌ಪ್ರಿಟರನ್ನೇ ವಾಸ್ಮ್ ಮಾಡಿದ್ದಾರೆ. ಇಡೀ ಅಡುಗೆಮನೆಯನ್ನೇ ಹೊತ್ತು ಮದುವೆಗೆ ಹೋದ ಹಾಗೆ! 2023ರಿಂದ ಬ್ರೌಸರ್‌ಗಳೇ ಮೆಮೊರಿ ಗುಡಿಸುವ ಕೆಲಸವನ್ನು ವಾಸ್ಮ್‌ಗೂ ಮಾಡಿಕೊಡತೊಡಗಿವೆ. ಕೋಟ್ಲಿನ್, ಡಾರ್ಟ್‌ನಂಥ ಭಾಷೆಗಳಿಗೆ ಇದರಿಂದ ಹೊರೆ ಇಳಿದಿದೆ.

ಎರಡನೇ ಸಲ

ತಿಂಗಳ ನಂತರ ಇನ್ನೊಂದು ಇಂಟರ್‌ವ್ಯೂ. ರೆಸ್ಯೂಮೆಯಲ್ಲಿ ದಪ್ಪ ಅಕ್ಷರ ತೆಗೆದಿದ್ದೆ. ಪ್ರಶ್ನೆ ಮಾತ್ರ ಅದೇ ಬಂತು: ಇಷ್ಟಕ್ಕೆ ವೆಬ್‌ಅಸೆಂಬ್ಲಿ ಯಾಕೆ?

“ಬೇಕಿರಲಿಲ್ಲ ಮೇಡಂ,” ಎಂದೆ. “ನನಗೆ ಆಗ ಸಿ ಮಾತ್ರ ಬರುತ್ತಿತ್ತು, ಅದಕ್ಕೆ ಮಾಡಿದೆ. ಈಗ ಜಾವಾಸ್ಕ್ರಿಪ್ಟ್‌ನಲ್ಲೂ ಬರೆದಿದ್ದೇನೆ, ಈ ಕೆಲಸಕ್ಕೆ ಅದೇ ಸಾಕು. ಆದರೆ ವಾಸ್ಮ್ ಮಾಡಿದ್ದರಿಂದ ಒಂದು ತಪ್ಪು ಸಿಕ್ಕಿತು.”

181ರ ಕತೆ ಹೇಳಿದೆ. ಅವರು ಒಂದು ಹಾಳೆ ಮುಂದೆ ತಳ್ಳಿ, “ಚೌಕ ಹಾಕಿ ತೋರಿಸು” ಎಂದರು. ಇಪ್ಪತ್ತನಾಲ್ಕು ಚೌಕ ಹಾಕಿದೆ. ಹೆಸರು ಎಲ್ಲಿ ಚೆಲ್ಲಿತು, ಯಾವ ಬೈಟ್ ಯಾವುದರ ಮೇಲೆ ಕೂತಿತು ಎಂದು ತುಂಬಿ ತೋರಿಸಿದೆ. “ಕನ್ನಡದ ಬದಲು ಹಿಂದಿ ಹೆಸರು ಬಂದರೆ?” ಎಂದರು. ದೇವನಾಗರಿಗೂ ಮೂರೇ ಬೈಟ್, ಅಲ್ಲೂ ಚೆಲ್ಲುತ್ತದೆ ಎಂದೆ. “ಇದನ್ನು ಮೊದಲೇ ಹಿಡಿಯಲು ಹೇಗೆ ಟೆಸ್ಟ್ ಮಾಡುತ್ತಿದ್ದೆ?” ಎಂದರು. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು ಬೈಟ್‌ನ ಹೆಸರು ಹಾಕಿ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ ನೋಡುತ್ತಿದ್ದೆ ಎಂದೆ. ಇಪ್ಪತ್ತು ನಿಮಿಷ ಆ ಹಾಳೆಯ ಮೇಲೆಯೇ ಮಾತು ನಡೆಯಿತು.

ಕೆಲಸ ಸಿಕ್ಕಿತು. ವೆಬ್‌ಅಸೆಂಬ್ಲಿ ಕೆಲಸ ಅಲ್ಲ, ಟೆಸ್ಟಿಂಗ್ ತಂಡದಲ್ಲಿ ಟ್ರೈನಿ. ಬೇರೆಯವರ ಪ್ರೋಗ್ರಾಮ್‌ಗಳಲ್ಲಿ 181 ಹುಡುಕುವುದೇ ಈಗ ನನ್ನ ದಿನದ ಕೆಲಸ.

ಗೆಳೆಯರೇ, ನಾನು ನೋಡಿದ ಫ್ರೆಷರ್ ಜಾಹೀರಾತುಗಳಲ್ಲಿ ವೆಬ್‌ಅಸೆಂಬ್ಲಿ ಎಂಬ ಪದ ಒಮ್ಮೆಯೂ ಕಂಡಿಲ್ಲ. ಇದನ್ನು ಕಲಿತರೆ ಕೆಲಸ ಖಾತ್ರಿ ಎಂದು ಹೇಳಿದರೆ ಸುಳ್ಳಾಗುತ್ತದೆ. ಜಾವಾಸ್ಕ್ರಿಪ್ಟ್ ಕಲಿಯದೆ ವೆಬ್ ಕೆಲಸಕ್ಕೆ ಹೋಗಲಾಗದು, ಅದನ್ನು ಕಲಿಯಲೇಬೇಕು. ಆದರೆ ನಿಮಗೆ ಬರುವುದು ಸಿ ಒಂದೇ ಆಗಿದ್ದರೆ ಅದಕ್ಕೆ ನಾಚಿಕೆಪಡಬೇಕಿಲ್ಲ. ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ಲ್ಯಾಬ್‌ನಲ್ಲಿ ಬರೆದ ಯಾವುದಾದರೂ ಸಣ್ಣ ಫಂಕ್ಷನ್ ತೆಗೆದುಕೊಂಡು ಎಂಸ್ಕ್ರಿಪ್ಟನ್‌ನಲ್ಲಿ ಕಂಪೈಲ್ ಮಾಡಿ. ಹುಟ್ಟಿದ ಫೈಲನ್ನು ಹೆಕ್ಸ್ ಎಡಿಟರ್‌ನಲ್ಲಿ ತೆರೆದು ಮೊದಲ ನಾಲ್ಕು ಬೈಟ್ ನೋಡಿ. ಅದೇ ಫಂಕ್ಷನ್ನನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದು ಎರಡನ್ನೂ ಅಳೆಯಿರಿ. ನಿಮ್ಮ ಹೆಸರನ್ನು ಕನ್ನಡದಲ್ಲಿ ಕೊಟ್ಟು ಎಷ್ಟು ಬೈಟ್ ಆಯಿತು ಎಂದು ಎಣಿಸಿ. ಇಂಟರ್‌ವ್ಯೂನಲ್ಲಿ ಯಾರಾದರೂ “ಯಾಕೆ?” ಎಂದು ಕೇಳಿದಾಗ ಓದಿದ್ದನ್ನಲ್ಲ, ಅಳೆದದ್ದನ್ನು ಹೇಳಬಹುದು.

ಕಳೆದ ವಾರ ಊರಿಗೆ ಹೋಗಿದ್ದೆ. ಅವ್ವ ಫೋನಿನಲ್ಲಿ ಲೆಕ್ಕ ಮಾಡಿ, ಆಮೇಲೆ ಅದನ್ನೇ ಪುಸ್ತಕದಲ್ಲಿ ಪೆನ್ನಿನಿಂದ ಬರೆಯುತ್ತಿದ್ದಳು. “ಇನ್ನೂ ನಂಬಿಕಿ ಬಂದಿಲ್ಲೇನ?” ಎಂದೆ.

“ನಂಬಿಕಿ ಐತಿ,” ಎಂದಳು ಅವ್ವ. “ಆದ್ರೂ ಶಾಂತವ್ವನ ಲೆಕ್ಕ ಅಟ್ಟ ಎರಡ ಸಲ ನೋಡ್ತೀನಿ.”